ಹೆಜ್ಜೆಯ ಲೆಕ್ಕ ಯಾರಿಗೆ?

ಹತ್ತು ಸಾವಿರ. ದಿನಕ್ಕೆ ಎಷ್ಟು ಹೆಜ್ಜೆ ನಡೀಬೇಕು ಅಂತ ಯಾರನ್ನೇ ಕೇಳಿ, ಇದೇ ಉತ್ತರ ಬರುತ್ತೆ. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ನಿವೃತ್ತ ಮೇಷ್ಟ್ರು ಇದನ್ನೇ ಹೇಳ್ತಾರೆ. ನಾನಿರುವ ಸಿಂಗಪುರದಲ್ಲಿ ಆಫೀಸಿನ ಇಪ್ಪತ್ತೈದರ ಹುಡುಗಿಯೂ ಇದನ್ನೇ ಹೇಳ್ತಾಳೆ. "ಯಾರು ಹೇಳಿದ್ದು?" ಅಂತ ಮರುಪ್ರಶ್ನೆ ಹಾಕಿದಾಗ ಮಾತ್ರ ಉತ್ತರಗಳು ಬೇರೆಬೇರೆ ಆಗುತ್ತವೆ: ಡಾಕ್ಟರ್ ಹೇಳಿದ್ರು, ಎಲ್ಲೋ ಓದಿದ್ದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳಿಲ್ಲ. ಅದರ 2020ರ ಮಾರ್ಗಸೂಚಿ ಮಾತಾಡುವುದು ನಿಮಿಷಗಳ ಲೆಕ್ಕದಲ್ಲಿ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು. ಇಷ್ಟು ಹೆಜ್ಜೆ ಅಂತ ಅದು ಗುರಿ ಇಟ್ಟಿಲ್ಲ.

ನಾನು ಹೊಟ್ಟೆಪಾಡಿಗೆ ಮಾಡುವುದು ಡೇಟಾ ಸೈನ್ಸ್. ಯಾವುದಾದರೂ ಅಂಕಿ ಎದುರಿಗೆ ಬಂದರೆ ಎರಡು ಪ್ರಶ್ನೆ ಕೇಳುವುದು ಅಭ್ಯಾಸ ಆಗಿಬಿಟ್ಟಿದೆ. ಇದನ್ನು ಅಳೆದವರು ಯಾರು? ಯಾರಿಗೋಸ್ಕರ ಅಳೆದರು? ಕೈಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡಿಗೂ ಇದೇ ಪ್ರಶ್ನೆ ಕೇಳೋಣ. ಉತ್ತರ ಹುಡುಕಲು ಎರಡು ಸಾವಿರ ವರ್ಷಕ್ಕಿಂತ ಹಿಂದೆ ಹೋಗಬೇಕಾಗುತ್ತೆ.

ನೆಲ ಅಳೆದ ಕಾಲುಗಳು

ಮನುಷ್ಯ ದೂರವನ್ನು ಮೊದಲು ಅಳೆದದ್ದು ಮೈಯಿಂದಲೇ. ನಮ್ಮ ಗೇಣು, ಮೊಳ, ಮಾರು ಎಲ್ಲ ಕೈಯ ಅಳತೆ. ಅಡಿ ಕಾಲಿನ ಅಳತೆ. ಕೂಗಳತೆ ಗಂಟಲಿನ ಅಳತೆ. ಇಂಗ್ಲಿಷಿನ 'ಮೈಲಿ' ಕೂಡ ಹೆಜ್ಜೆಯಿಂದ ಹುಟ್ಟಿದ್ದು. ಲ್ಯಾಟಿನ್ನಿನಲ್ಲಿ 'ಮಿಲ್ಲೆ ಪಾಸ್ಸುಸ್' ಅಂದರೆ ಸಾವಿರ ಪಾಸ್ಸುಸ್. ರೋಮನ್ನರ ಒಂದು ಪಾಸ್ಸುಸ್ ಅಂದರೆ ಎಡಗಾಲು ಎತ್ತಿ ಮತ್ತೆ ಎಡಗಾಲು ಊರುವ ತನಕ, ನಮ್ಮ ಲೆಕ್ಕದಲ್ಲಿ ಎರಡು ಹೆಜ್ಜೆ. ಅಲ್ಲಿಗೆ ಒಂದು ರೋಮನ್ ಮೈಲಿ ಎರಡು ಸಾವಿರ ಹೆಜ್ಜೆ, ಸುಮಾರು 1,480 ಮೀಟರ್.

ರೋಮನ್ನರಿಗೂ ಮುಂಚೆ ಅಲೆಕ್ಸಾಂಡರನ ಸೈನ್ಯದಲ್ಲಿ ಹೆಜ್ಜೆ ಎಣಿಸುವುದೇ ಕೆಲಸವಾಗಿದ್ದ ಜನ ಇದ್ದರು. ಗ್ರೀಕರು ಅವರನ್ನು ಬೆಮಾಟಿಸ್ಟ್ ಅಂತ ಕರೀತಿದ್ದರು. ಏಷ್ಯಾದ ಉದ್ದಕ್ಕೂ ಸಿಂಧೂ ಕಣಿವೆಯವರೆಗೆ ಸೈನ್ಯದ ಜೊತೆ ನಡೆದು, ಊರಿಂದ ಊರಿಗೆ ಎಷ್ಟು ದೂರ ಅಂತ ಇವರು ಬರೆದಿಟ್ಟರು. ಬೈಟಾನ್, ಡಿಯೊಗ್ನೆಟಸ್ ಅನ್ನೋ ಇಬ್ಬರ ಹೆಸರು ರೋಮನ್ ಲೇಖಕ ಪ್ಲಿನಿಯ ಪುಸ್ತಕದಲ್ಲಿ ಉಳಿದಿದೆ. ಅವರು ಕೊಟ್ಟ ದೂರಗಳು ಇವತ್ತಿನ ಅಳತೆಗೆ ಎಷ್ಟು ಹತ್ತಿರ ಇವೆ ಅಂದರೆ, ಇದು ಬರೀ ಕಾಲಿನ ಲೆಕ್ಕ ಇರಲಾರದು, ಯಾವುದೋ ಯಂತ್ರ ಇದ್ದಿರಬೇಕು ಅಂತ ಅನುಮಾನಪಟ್ಟ ಇತಿಹಾಸಕಾರರೂ ಇದ್ದಾರೆ.

ಯಂತ್ರದ ಆಸೆ ಆಮೇಲೂ ಬಿಡಲಿಲ್ಲ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿ ಹೆಜ್ಜೆ ಎಣಿಸುವ ಉಪಕರಣದ ಚಿತ್ರ ಇದೆ. ಹದಿನೆಂಟನೇ ಶತಮಾನದ ಹೊತ್ತಿಗೆ ಯುರೋಪಿನ ಗಡಿಯಾರ ತಯಾರಕರು ಪೆಡೋಮೀಟರ್ ಮಾರುತ್ತಿದ್ದರು. 1788ರಲ್ಲಿ ಥಾಮಸ್ ಜೆಫರ್ಸನ್ ಪ್ಯಾರಿಸ್‌ನಿಂದ ತನ್ನ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಒಂದನ್ನು ಕಳಿಸಿ, ಗಡಿಯಾರದ ಜೇಬಿಗೆ ತೂತು ಮಾಡಿ ಅದರ ಪಟ್ಟಿಯನ್ನು ಮೊಣಕಾಲಿನವರೆಗೆ ಹೇಗೆ ಇಳಿಸಿ ಕಟ್ಟಬೇಕು ಅಂತ ವಿವರವಾಗಿ ಬರೆದಿದ್ದ. ಮುಂದೆ ಇಬ್ಬರೂ ಅಮೆರಿಕದ ಅಧ್ಯಕ್ಷರಾದರು. ಗ್ಯಾಜೆಟ್ ಹುಚ್ಚು ನಮ್ಮ ಕಾಲದ್ದು ಮಾತ್ರ ಅಂದುಕೊಳ್ಳಬೇಡಿ.

ನೂರು ಮಣಿಯ ಜಪಮಾಲೆ

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಮಾತ್ರ ಯಂತ್ರ ಇಟ್ಟುಕೊಂಡಿರಲಿಲ್ಲ. ಕುಮಾವೂನಿನ ಜೋಹಾರ್ ಕಣಿವೆಯ ಮಿಲಾಮ್ ಊರಿನ ನೈನ್ ಸಿಂಗ್ ರಾವತ್. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1860ರ ದಶಕದಲ್ಲಿ ಬ್ರಿಟಿಷರ ಸರ್ವೆ ಇಲಾಖೆಗೆ ಟಿಬೆಟ್ಟಿನ ನಕ್ಷೆ ಬೇಕಿತ್ತು, ಆದರೆ ಟಿಬೆಟ್ಟಿನೊಳಗೆ ಯುರೋಪಿಯನ್ನರಿಗೆ ಪ್ರವೇಶ ಇರಲಿಲ್ಲ. ಕ್ಯಾಪ್ಟನ್ ಮಾಂಟ್‌ಗೊಮರಿ ಅನ್ನೋ ಅಧಿಕಾರಿ ಗಡಿನಾಡಿನ ಭಾರತೀಯರನ್ನೇ ಆರಿಸಿ, ಡೆಹ್ರಾಡೂನಿನಲ್ಲಿ ತರಬೇತಿ ಕೊಟ್ಟು, ಯಾತ್ರಿಕರ ಮತ್ತು ವ್ಯಾಪಾರಿಗಳ ವೇಷದಲ್ಲಿ ಕಳಿಸುವ ಉಪಾಯ ಮಾಡಿದ.

ತರಬೇತಿಯ ಮುಖ್ಯ ಪಾಠವೇ ಹೆಜ್ಜೆ. ಏರಿರಲಿ ಇಳಿಜಾರಿರಲಿ, ಪ್ರತಿ ಹೆಜ್ಜೆ ಒಂದೇ ಉದ್ದ ಇರಬೇಕು. ಲೆಕ್ಕ ತಪ್ಪದಿರಲಿ ಅಂತ ಕೈಯಲ್ಲಿ ಜಪಮಾಲೆ. ಬೌದ್ಧರ ಜಪಮಾಲೆಯಲ್ಲಿ 108 ಮಣಿ ಇರುತ್ತೆ, ನೈನ್ ಸಿಂಗನದ್ದರಲ್ಲಿ 100. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಿದರೆ, ಒಂದು ಸುತ್ತು ಮಾಲೆ ಮುಗಿದಾಗ ಹತ್ತು ಸಾವಿರ ಹೆಜ್ಜೆ! ಹೌದು, ಅದೇ ಸಂಖ್ಯೆ. ಆದರೆ ಅವನಿಗೆ ಅದು ಗುರಿ ಆಗಿರಲಿಲ್ಲ, ಸುಮಾರು ಐದು ಮೈಲಿಯ ಗುರುತು ಅಷ್ಟೆ. ಬರೆದ ಚೀಟಿಗಳನ್ನು ಬಚ್ಚಿಡಲು ಪ್ರಾರ್ಥನಾ ಚಕ್ರ ಇತ್ತು, ಅದರೊಳಗೆ ಮಂತ್ರದ ಬದಲು ಸರ್ವೆಯ ಟಿಪ್ಪಣಿ. ಎತ್ತರ ತಿಳಿಯಲು ಕುದಿಯುವ ನೀರಿಗೆ ಥರ್ಮಾಮೀಟರ್ ಅದ್ದಿ ನೋಡ್ತಿದ್ದ.

1865ರಲ್ಲಿ ಕಠ್ಮಂಡುವಿನಿಂದ ಹೊರಟು 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದ. ಆ ಪಯಣದಲ್ಲಿ ಅಳೆದದ್ದು ಸುಮಾರು 1,200 ಮೈಲಿ, ಎಣಿಸಿದ್ದು ಸುಮಾರು 25 ಲಕ್ಷ ಹೆಜ್ಜೆ. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು.

ಇಲ್ಲೊಂದು ವಿಷಯ ಗಮನಿಸಿ. ಬೆಮಾಟಿಸ್ಟರಿಂದ ನೈನ್ ಸಿಂಗನವರೆಗೆ ಹೆಜ್ಜೆ ಎಣಿಸಿದವರಲ್ಲಿ ಯಾರೂ ತಮ್ಮ ಆರೋಗ್ಯಕ್ಕೆ ಎಣಿಸಿದವರಲ್ಲ. ಕಾಲು ಅಳತೆಗೋಲಾಗಿತ್ತು, ಅಳೆಯಲ್ಪಟ್ಟದ್ದು ನೆಲ. ಆ ಲೆಕ್ಕ ಹೋಗಿ ಸೇರಿದ್ದು ನಡೆದವನ ಹತ್ತಿರವಲ್ಲ, ಅವನನ್ನು ಕಳಿಸಿದವರ ಹತ್ತಿರ.

ಬಸ್ಸಿನ ಮೆಟ್ಟಿಲು, ಪ್ಯಾಂಟಿನ ಸೊಂಟ

ಅಳತೆ ನೆಲದಿಂದ ಮನುಷ್ಯನ ಕಡೆ ತಿರುಗಬೇಕಾದರೆ, ನಡೆಯುವುದು ಆರೋಗ್ಯಕ್ಕೆ ಒಳ್ಳೇದು ಅನ್ನುವುದಕ್ಕೆ ಮೊದಲು ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ.

ಎರಡನೇ ಮಹಾಯುದ್ಧದ ನಂತರ ಹೃದಯಾಘಾತ ಯಾಕೆ ಹೆಚ್ಚಾಗ್ತಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಅನ್ನೋ ವೈದ್ಯ ಲಂಡನ್ನಿನ ಸುಮಾರು 31,000 ಸಾರಿಗೆ ನೌಕರರ ದಾಖಲೆ ಹಿಡಿದು ಕೂತ. ಡ್ರೈವರ್, ಕಂಡಕ್ಟರ್ ಇಬ್ಬರೂ ಒಂದೇ ಬಸ್ಸು, ಒಂದೇ ಹೊಗೆ, ಒಂದೇ ಥರದ ಮನೆತನ. ವ್ಯತ್ಯಾಸ ಒಂದೇ: ಡ್ರೈವರ್ ದಿನವಿಡೀ ಕೂತಿರ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳೀತಾನೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಡಕ್ಟರ್‌ಗಳಲ್ಲಿ ಹೃದ್ರೋಗ ಸ್ಪಷ್ಟವಾಗಿ ಕಡಿಮೆ.

ನನ್ನಂಥವರಿಗೆ ಇದಕ್ಕಿಂತ ರುಚಿಯಾದದ್ದು ಅವನ ಮುಂದಿನ ಕೆಲಸ. 'ಮೊದಲೇ ದಪ್ಪಗಿರೋರು ಡ್ರೈವರ್ ಕೆಲಸ ಆರಿಸಿಕೊಳ್ತಾರೇನೋ?' ಅನ್ನೋ ಅನುಮಾನ ಬಂದು, ಮಾರಿಸ್ ಮತ್ತು ಸಂಗಡಿಗರು ನೌಕರರ ಸಮವಸ್ತ್ರದ ಅಳತೆ ಪುಸ್ತಕ ತರಿಸಿ ನೋಡಿದರು. ಅನುಮಾನ ಸುಳ್ಳಾಗಿರಲಿಲ್ಲ. ಡ್ರೈವರ್‌ಗಳ ಪ್ಯಾಂಟಿನ ಸೊಂಟ ಕಂಡಕ್ಟರ್‌ಗಳದ್ದಕ್ಕಿಂತ ದೊಡ್ಡದು, ಅದೂ ಕೆಲಸಕ್ಕೆ ಸೇರಿದ ಹೊಸದರಲ್ಲೇ! 1956ರಲ್ಲಿ ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ನಡಿಗೆಯ ಲಾಭದ ವಾದ ಆಮೇಲಿನ ಅಧ್ಯಯನಗಳಲ್ಲೂ ನಿಂತಿತು. ಆದರೆ 'ನಡೆದದ್ದರಿಂದ ಆರೋಗ್ಯವೋ, ಆರೋಗ್ಯ ಇದ್ದದ್ದರಿಂದ ನಡಿಗೆಯೋ' ಅನ್ನೋ ಪ್ರಶ್ನೆಯನ್ನು ಹೀಗೆ ತಾವೇ ಎತ್ತಿ ತಮ್ಮ ಮೇಲೇ ಪ್ರಯೋಗಿಸಿಕೊಳ್ಳುವವರು ಕಡಿಮೆ. ಇವತ್ತಿನ ಎಷ್ಟೋ ಆಪ್‌ಗಳ ಜಾಹೀರಾತು ನೋಡುವಾಗ ನನಗೆ ಆ ಪ್ಯಾಂಟಿನ ಅಳತೆ ನೆನಪಾಗುತ್ತೆ.

ಒಂದು ಹೆಸರು, ಅದರೊಳಗೊಂದು ಸಂಖ್ಯೆ

ಈಗ ಹತ್ತು ಸಾವಿರಕ್ಕೆ ಬರೋಣ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೀತು. ಜಪಾನಿನಲ್ಲಿ ವ್ಯಾಯಾಮ, ಆರೋಗ್ಯ ಅಂತ ಎಲ್ಲೆಲ್ಲೂ ಮಾತು. 1965ರಲ್ಲಿ ಯಮಾಸಾ ಅನ್ನೋ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ಮಾರುಕಟ್ಟೆಗೆ ತಂದಿತು. ಹೆಸರು 'ಮಾಂಪೊ-ಕೇ'. 'ಮಾನ್' ಅಂದರೆ ಹತ್ತು ಸಾವಿರ, 'ಪೊ' ಅಂದರೆ ಹೆಜ್ಜೆ, 'ಕೇ' ಅಂದರೆ ಮೀಟರ್.

ಅಷ್ಟೇ. ಗುರಿ ಹುಟ್ಟಿದ್ದು ಒಂದು ಸರಕಿನ ಹೆಸರಲ್ಲಿ.

ಹತ್ತು ಸಾವಿರವೇ ಯಾಕೆ? ನಾವು ದೊಡ್ಡ ಅಂಕಿಯನ್ನು ಲಕ್ಷ, ಕೋಟಿಯಲ್ಲಿ ಹಿಡಿಯುವ ಹಾಗೆ, ಜಪಾನೀಯರು 'ಮಾನ್' ಅನ್ನೋ ಹತ್ತು ಸಾವಿರದ ಗಂಟಿನಲ್ಲಿ ಹಿಡೀತಾರೆ. ಅವರ 'ಬಾನ್ಜಾಯ್' ಜೈಕಾರದಲ್ಲಿರೋದೂ ಅದೇ ಅಕ್ಷರ, ಹತ್ತು ಸಾವಿರ ವರ್ಷ ಬಾಳಲಿ ಅಂತ. ಆ ಅಕ್ಷರ ನೋಡೋಕೆ ಕಾಲು ಬೀಸಿ ನಡೆಯುವ ಮನುಷ್ಯನ ಹಾಗಿದೆ ಅಂತಲೂ ಹೇಳ್ತಾರೆ. ತುಂಬು ಸಂಖ್ಯೆ, ಶುಭವಾದ ಸಂಖ್ಯೆ, ಬಾಯಲ್ಲಿ ನಿಲ್ಲುವ ಸಂಖ್ಯೆ. ಇದೇ ಯಂತ್ರ ದಾವಣಗೆರೆಯಲ್ಲಿ ಹುಟ್ಟಿದ್ದರೆ ನಾವು 'ಸಾವಿರದ ಎಂಟು' ಅಂತಲೋ 'ಲಕ್ಷ ಹೆಜ್ಜೆ' ಅಂತಲೋ ಹೆಸರಿಡ್ತಿದ್ದೆವೇನೋ. ಎರಡನೆಯದಾಗಿದ್ದರೆ ನಮ್ಮ ಮೊಣಕಾಲುಗಳ ಗತಿ ಏನಾಗ್ತಿತ್ತು ಯೋಚಿಸಿ.

ಜಪಾನಿನ ನಡಿಗೆ ಸಂಘಗಳು ಈ ಗುರಿಯನ್ನು ಅಪ್ಪಿಕೊಂಡವು. ಅಲ್ಲಿಂದ ಅದು ಲೋಕವೆಲ್ಲ ಸುತ್ತಿತು. ಸೊಂಟದ ಡಬ್ಬಿಯೊಳಗೆ ಇದ್ದದ್ದು ಸ್ಪ್ರಿಂಗಿಗೆ ನೇತುಬಿದ್ದ ಸಣ್ಣ ಸನ್ನೆಕೋಲು, ಹೆಜ್ಜೆಗೊಮ್ಮೆ ಟಿಕ್. ಆದರೆ ತಿರುವು ದೊಡ್ಡದು. ಮೊದಲ ಸಲ ಹೆಜ್ಜೆಯ ಲೆಕ್ಕ ನೆಲದ ಬಗ್ಗೆ ಏನೂ ಹೇಳದೆ, ನಡೆದವನ ಬಗ್ಗೆ ತೀರ್ಪು ಕೊಡೋಕೆ ಶುರು ಮಾಡಿತು.

ಸೊಂಟದಿಂದ ಮಣಿಕಟ್ಟಿಗೆ

ಮುಂದಿನದು ನಿಮಗೆ ಗೊತ್ತಿರುವ ಕಾಲ, ಬೇಗ ದಾಟೋಣ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಹೃದಯ ಬಡಿತದ ಮೀಟರ್ ತಂದಿತು, ಅದು ಕ್ರೀಡಾಪಟುಗಳಿಗೆ. 2007ರಲ್ಲಿ ಜೇಮ್ಸ್ ಪಾರ್ಕ್, ಎರಿಕ್ ಫ್ರೀಡ್‌ಮನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫಿಟ್‌ಬಿಟ್ ಶುರುಮಾಡಿದರು. 2009ರ ಕೊನೆಗೆ ಮಾರಾಟಕ್ಕೆ ಬಂದ ಅವರ ಮೊದಲ ಸಾಧನ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ ಆಗಿತ್ತು, ಅದರಲ್ಲಿ ನಿದ್ದೆಯ ಲೆಕ್ಕವೂ ಇತ್ತು. 2015ರಲ್ಲಿ ಆಪಲ್ ವಾಚ್ ಬಂತು. ಸನ್ನೆಕೋಲಿನ ಜಾಗಕ್ಕೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಬಂದಿತ್ತು. ಫಿಟ್‌ಬಿಟ್ ಮೊದಲ ದಿನ ತಾನಾಗಿಯೇ ತೋರಿಸುವ ಗುರಿ ಮಾತ್ರ ಯಮಾಸಾ ಕಂಪನಿಯದ್ದೇ: 10,000.

ಚಿಪ್ ನಿಜವಾಗಿ ಎಣಿಸೋದು ಹೆಜ್ಜೆಯನ್ನಲ್ಲ, ಕೈಯ ಅಲುಗಾಟವನ್ನು. ಸೂಪರ್‌ಮಾರ್ಕೆಟ್ಟಿನ ಗಾಡಿ ತಳ್ಳುತ್ತಾ ನಡೆದರೆ ಕೈ ಬೀಸೋದಿಲ್ಲ, ಹೆಜ್ಜೆಗಳು ಲೆಕ್ಕ ತಪ್ಪುತ್ತವೆ. ಚಪಾತಿ ಲಟ್ಟಿಸುತ್ತಾ ನಿಂತಲ್ಲೇ ನಿಂತರೂ ಕೆಲವು ಹೆಜ್ಜೆ ಜಮಾ ಆಗುತ್ತೆ. ನಿದ್ದೆಯದ್ದು ಇನ್ನೂ ಸೂಕ್ಷ್ಮ. ನಿದ್ದೆಯ ಹಂತಗಳನ್ನು ಪ್ರಯೋಗಾಲಯದಲ್ಲಿ ಅಳೆಯೋದು ತಲೆಗೆ ಅಂಟಿಸಿದ ವಿದ್ಯುದ್ವಾರಗಳಿಂದ, ಮಿದುಳಿನ ಅಲೆ ನೋಡಿ. ಮಣಿಕಟ್ಟಿನ ಬ್ಯಾಂಡ್ ಚಲನೆ ಮತ್ತು ನಾಡಿ ನೋಡಿ ಊಹೆ ಮಾಡುತ್ತೆ. ಮಲಗಿದ್ದು, ಎದ್ದದ್ದು ಸುಮಾರು ಸರಿ ಇರುತ್ತೆ. 'ಗಾಢ ನಿದ್ದೆ 52 ನಿಮಿಷ' ಅನ್ನೋದನ್ನು ಅಷ್ಟು ನಂಬಬೇಕಿಲ್ಲ.

2014ರಲ್ಲಿ ಅಮೆರಿಕದ ಕೊಲರಾಡೋ ಕಾಲೇಜಿನಲ್ಲಿ ಒಂದು ಪ್ರಯೋಗ ನಡೀತು. ನಿಮ್ಮ ನಿದ್ದೆ ಚೆನ್ನಾಗಿತ್ತು ಅಂತ ಕೆಲವರಿಗೆ, ಚೆನ್ನಾಗಿರಲಿಲ್ಲ ಅಂತ ಕೆಲವರಿಗೆ ಸುಳ್ಳು ಅಂಕಿ ತೋರಿಸಿ ಮಾನಸಿಕ ಪರೀಕ್ಷೆ ಕೊಟ್ಟರು. ಚೆನ್ನಾಗಿ ಮಲಗಿದ್ದೀರಿ ಅಂತ ಹೇಳಿಸಿಕೊಂಡವರು ಹೆಚ್ಚು ಚೆನ್ನಾಗಿ ಮಾಡಿದರು! ಇನ್ನೊಂದು ತುದಿಯಲ್ಲಿ, ಬ್ಯಾಂಡಿನ ನಿದ್ದೆಯ ಅಂಕಿ ನೋಡಿ ನೋಡಿಯೇ ನಿದ್ದೆಗೆಡುವ ಜನರ ಸ್ಥಿತಿಗೆ 2017ರಲ್ಲಿ ಸಂಶೋಧಕರು 'ಆರ್ಥೋಸೋಮ್ನಿಯಾ' ಅಂತ ಹೆಸರಿಟ್ಟರು.

ಸಂಖ್ಯೆ ಸುಳ್ಳಾ? ಗುರಿ ದಂಡವಾ?

ಹತ್ತು ಸಾವಿರ ಜಾಹೀರಾತಿನದ್ದು ಅಂದಮಾತ್ರಕ್ಕೆ ಬಿಸಾಡಬೇಕಾ? ನಿಧಾನ. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ತಂಡ ಸರಾಸರಿ 72 ವಯಸ್ಸಿನ 16,741 ಮಹಿಳೆಯರಿಗೆ ಒಂದು ವಾರ ಅಳತೆಯ ಸಾಧನ ಕಟ್ಟಿ, ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದ್ದನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಸಾವಿನ ಪ್ರಮಾಣ ಶೇ. 41 ಕಡಿಮೆ. ಲಾಭ ಏರುತ್ತಾ ಹೋಗಿ 7,500ರ ಹತ್ತಿರ ಸಮತಟ್ಟಾಯ್ತು. 2022ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅರವತ್ತು ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಹೆಜ್ಜೆಯಲ್ಲಿ ಲಾಭ ಸಮತಟ್ಟಾಗುವುದು ಕಂಡಿತು. ಇವೆಲ್ಲ ಗಮನಿಸಿ ಬರೆದ ಲೆಕ್ಕಗಳು, ಮಾರಿಸನ ಪ್ಯಾಂಟಿನ ಪ್ರಶ್ನೆ ಇಲ್ಲೂ ಅನ್ವಯಿಸುತ್ತೆ. ಆದರೂ ಒಂದು ಮಾತು ಗಟ್ಟಿ: ಅತಿ ಹೆಚ್ಚು ಲಾಭ ಇರೋದು ತೀರಾ ಕಡಿಮೆ ನಡೆಯುವವರು ಇನ್ನೊಂದೆರಡು ಸಾವಿರ ಹೆಚ್ಚು ನಡೆದಾಗ.

ಈ ಮಾತಿಗೆ ನಮ್ಮ ಮನೆಗಳಲ್ಲಿ ಬೆಲೆ ಇದೆ. ಹೊರದೇಶದಲ್ಲಿರುವ ನಾವು ಊರಿಗೆ ಹೋಗುವಾಗ ಅಪ್ಪ ಅಮ್ಮನಿಗೆ ಒಯ್ಯುವ ಸಾಮಾನುಗಳಲ್ಲಿ ಈಗ ಬ್ಯಾಂಡೂ ಒಂದು. ತುಮಕೂರಿನಲ್ಲಿರುವ ನನ್ನ ಅಮ್ಮನಿಗೂ ಒಂದಿದೆ. ಮೊಣಕಾಲು ನೋವಿಟ್ಟುಕೊಂಡು ಹಾಲಿನ ಅಂಗಡಿ, ದೇವಸ್ಥಾನ, ತರಕಾರಿ ಅಂತ ಅವರು ದಿನಾ 4,600ರ ಆಸುಪಾಸು ನಡೀತಾರೆ. ಒಂದು ದಿನ ಫೋನಿನಲ್ಲಿ, "ಇವತ್ತೂ ಫೇಲು ಕಣೋ ಪುಟ್ಟ, ಅರ್ಧಾನೂ ಆಗ್ಲಿಲ್ಲ" ಅಂದರು. ಎಪ್ಪತ್ತರ ಹತ್ತಿರದ ಹೆಂಗಸು, ತನಗೆ ನಿಜವಾಗಿ ಒಳ್ಳೇದು ಮಾಡುತ್ತಿರುವ ನಡಿಗೆಯನ್ನು ಟೋಕಿಯೋದ ಒಂದು ಹಳೇ ಜಾಹೀರಾತಿನ ಎದುರು ಇಟ್ಟು ಫೇಲ್ ಅಂತ ಬರ್ಕೊಳ್ತಿದ್ದರು. ಗುರಿಯನ್ನು 5,500ಕ್ಕೆ ಇಳಿಸಿದ ಮೇಲೆ ವಾರಕ್ಕೆ ನಾಲ್ಕು ದಿನ ಪಾಸ್ ಆಗ್ತಾರೆ.

ಗುರಿ ಅನ್ನೋದು ಕೆಲಸ ಮಾಡುತ್ತೆ ಅನ್ನೋದಕ್ಕೂ ಪುರಾವೆ ಇದೆ. 2007ರಲ್ಲಿ 26 ಅಧ್ಯಯನಗಳನ್ನು ಒಟ್ಟು ನೋಡಿದಾಗ, ಪೆಡೋಮೀಟರ್ ಕಟ್ಟಿಕೊಂಡವರು ಮೊದಲಿಗಿಂತ ಶೇ. 27ರಷ್ಟು ಹೆಚ್ಚು ನಡೆದಿದ್ದರು, ಅದರಲ್ಲೂ ಗುರಿ ಇಟ್ಟುಕೊಂಡವರು. ಆದರೆ 2016ರಲ್ಲಿ ಬಂದ ಎರಡು ಫಲಿತಾಂಶಗಳು ಬೇರೆ ಮಾತು ಹೇಳಿದವು. ತೂಕ ಇಳಿಸಲು ಹೊರಟ 471 ಯುವಜನರನ್ನು ಎರಡು ವರ್ಷ ಗಮನಿಸಿದರೆ, ಸಾಧನ ಕಟ್ಟಿಕೊಂಡವರು ಇಳಿಸಿದ್ದು ಸರಾಸರಿ 3.5 ಕಿಲೋ, ಕಟ್ಟಿಕೊಳ್ಳದವರು 5.9 ಕಿಲೋ. ಜೋರ್ಡನ್ ಎಟ್ಕಿನ್ ಅವರ ಪ್ರಯೋಗಗಳಲ್ಲಿ ಲೆಕ್ಕ ಇಟ್ಟವರು ಹೆಚ್ಚು ನಡೆದರು, ಆದರೆ ನಡಿಗೆಯ ಖುಷಿ ಕಡಿಮೆಯಾಯ್ತು. ಇಷ್ಟಪಟ್ಟು ಮಾಡೋ ಕೆಲಸ ಡ್ಯೂಟಿ ಆಗಿಬಿಡುತ್ತೆ. ಬ್ಯಾಂಡ್ ಹುರುಪು ಹಚ್ಚುತ್ತೆ, ಆದರೆ ಅದು ಉಳಿಯೋಕೆ ನಡೆಯುವ ಗೆಳೆಯನೋ ಒಳ್ಳೇ ರಸ್ತೆಯೋ ಬೇಕು.

ಲೆಕ್ಕ ಮತ್ತೆ ಕೈ ಬದಲಿಸುತ್ತೆ

ಈಗ ನನ್ನ ಎರಡನೇ ಪ್ರಶ್ನೆ: ಯಾರಿಗೋಸ್ಕರ? ಸೊಂಟದ ಮಾಂಪೊ-ಕೇಯಲ್ಲಿ ಬಿದ್ದ ಅಂಕಿ ಅದನ್ನು ಕಟ್ಟಿಕೊಂಡವನಿಗೆ ಮಾತ್ರ ಕಾಣ್ತಿತ್ತು. ಇಂಟರ್‌ನೆಟ್ಟಿಗೆ ಸೇರಿದ ಬ್ಯಾಂಡಿನ ಅಂಕಿ ಹಾಗಲ್ಲ.

ಸಿಂಗಪುರದಲ್ಲಿ ಸರ್ಕಾರದ ಹೆಲ್ತ್ ಪ್ರಮೋಷನ್ ಬೋರ್ಡ್ 2015ರಲ್ಲಿ ನ್ಯಾಷನಲ್ ಸ್ಟೆಪ್ಸ್ ಚಾಲೆಂಜ್ ಶುರುಮಾಡಿತು. ಸಾಧನ ಪುಕ್ಕಟೆ, ನಡೆದಷ್ಟು ಪಾಯಿಂಟ್, ಪಾಯಿಂಟಿಗೆ ಅಂಗಡಿಯ ವೋಚರ್. ರಾತ್ರಿ ಊಟ ಆದ ಮೇಲೆ ವಸತಿ ಬ್ಲಾಕುಗಳ ಕೆಳಗೆ ಸುತ್ತು ಹಾಕುವ ಜನರನ್ನು ನೋಡಿದರೆ ಇದರಿಂದ ಒಳ್ಳೇದೇ ಆಗಿದೆ ಅನ್ನಿಸುತ್ತೆ. ಇಷ್ಟ ಇದ್ದವರು ಸೇರ್ತಾರೆ, ಬಹುಮಾನ ಉಂಟು, ದಂಡ ಇಲ್ಲ.

ದಂಡ ಬಂದಾಗ ಏನಾಗುತ್ತೆ? 2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಶಾಲಾ ಶಿಕ್ಷಕರು ಬೀದಿಗಿಳಿದರು. ಸಂಬಳ, ವಿಮೆಯ ಖರ್ಚು ಮುಖ್ಯ ಕಾರಣ. ಅದರ ಜೊತೆಗೆ ಅವರನ್ನು ಕೆರಳಿಸಿದ್ದು ಒಂದು ಫಿಟ್‌ನೆಸ್ ಆಪ್: ಅದರಲ್ಲಿ ಪಾಯಿಂಟ್ ಗಳಿಸದಿದ್ದರೆ ತಿಂಗಳಿಗೆ 25 ಡಾಲರ್ ಹೆಚ್ಚು ಕಟ್ಟಬೇಕು ಅನ್ನೋ ಪ್ರಸ್ತಾಪ. ಜನ ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟರು. ಅದೇ ವರ್ಷ ಜಾನ್ ಹ್ಯಾನ್‌ಕಾಕ್ ಅನ್ನೋ ವಿಮಾ ಕಂಪನಿ ತನ್ನ ಎಲ್ಲ ಜೀವವಿಮಾ ಪಾಲಿಸಿಗಳಿಗೂ ಚಟುವಟಿಕೆಯ ಲೆಕ್ಕ ಇಡುವ ಕಾರ್ಯಕ್ರಮ ಸೇರಿಸಿತು. ಸೇರೋದು ಬಿಡೋದು ಗ್ರಾಹಕರ ಇಷ್ಟ ಅಂತ ಹೇಳಿತು, ಆದರೆ ರಿಯಾಯಿತಿ ಸಿಗೋದು ಲೆಕ್ಕ ಕೊಟ್ಟವರಿಗೆ. 2021ರಲ್ಲಿ ಫಿಟ್‌ಬಿಟ್ ಪೂರ್ತಿಯಾಗಿ ಗೂಗಲ್ ಕೈಗೆ ಬಂತು, 210 ಕೋಟಿ ಡಾಲರಿನ ವ್ಯವಹಾರ.

2018ರ ಜನವರಿಯಲ್ಲಿ ಇನ್ನೊಂದು ವಿಚಿತ್ರ ನಡೀತು. ಸ್ಟ್ರಾವಾ ಆಪ್ ತನ್ನ ಬಳಕೆದಾರರೆಲ್ಲ ಓಡಿದ, ನಡೆದ ದಾರಿಗಳನ್ನು ಸೇರಿಸಿ ಒಂದು ಲೋಕನಕ್ಷೆ ಪ್ರಕಟಿಸಿತ್ತು. ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದನ್ನು ಸೂಕ್ಷ್ಮವಾಗಿ ನೋಡಿ ಹೇಳಿದ: ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಮರುಭೂಮಿಯಲ್ಲಿ ಹೊಳೀತಿರೋ ಆ ಸಣ್ಣ ಸುತ್ತುಗಳು ಸೇನಾ ನೆಲೆಗಳು. ವ್ಯಾಯಾಮಕ್ಕೆ ಓಡಿದ ಸೈನಿಕರು ತಮಗೇ ಗೊತ್ತಿಲ್ಲದೆ ತಮ್ಮ ನೆಲೆಯ ಬೇಲಿಯನ್ನು ಕಾಲಿನಿಂದ ಬರೆದಿದ್ದರು. ನೈನ್ ಸಿಂಗ್ ಜೀವ ಪಣಕ್ಕಿಟ್ಟು, ಚೀಟಿ ಬಚ್ಚಿಟ್ಟು ಮಾಡಿದ ಕೆಲಸವನ್ನು ಇವರು ಬೆಳಗಿನ ಜಾಗಿಂಗ್‌ನಲ್ಲಿ ಮಾಡಿ ಮುಗಿಸಿದ್ದರು. ವ್ಯತ್ಯಾಸ ಒಂದೇ: ತನ್ನ ಹೆಜ್ಜೆ ಯಾರಿಗೆ ಹೋಗ್ತಿದೆ ಅಂತ ನೈನ್ ಸಿಂಗನಿಗೆ ಗೊತ್ತಿತ್ತು.

ನಮ್ಮ ಮನೆಯೊಳಗೂ ಇದೇ ಪ್ರಶ್ನೆ ಇದೆ. ಅಮ್ಮನ ಬ್ಯಾಂಡಿನ ಅಂಕಿ ನನ್ನ ಫೋನಿಗೂ ಬರುತ್ತೆ. ಹನ್ನೊಂದು ಗಂಟೆಯಾದರೂ ಅಲ್ಲಿ ಸೊನ್ನೆ ಇದ್ದರೆ ಎದೆ ಧಸಕ್ ಅನ್ನುತ್ತೆ, ಫೋನ್ ಮಾಡ್ತೀನಿ, ಚಾರ್ಜಿಗೆ ಹಾಕಿ ಮರೆತಿರ್ತಾರೆ. ಅವರೊಮ್ಮೆ ನಗ್ತಾನೇ ಕೇಳಿದರು: "ರಾತ್ರಿ ನಿದ್ದೆ ಬರ್ದೆ ಹೊರಳಾಡಿದ್ದೂ ನಿಂಗೆ ಗೊತ್ತಾಗುತ್ತೇನೋ?" ಗೊತ್ತಾಗ್ತಿತ್ತು. ಮೂರು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ ಕೂತ ಮಗನಿಗೆ ಅದು ಕಾಳಜಿ, ಅವರಿಗೆ ಅದು ಕದ ಹಾಕಲಾಗದ ಕೋಣೆ. ಈಗ ಅವರಿಷ್ಟದ ಪ್ರಕಾರ ಹೆಜ್ಜೆ ಬರುತ್ತೆ, ನಿದ್ದೆ ಬರೋದಿಲ್ಲ. ಮಾಡಬೇಕಾದ ಕೆಲಸ ಸಣ್ಣದು. ಆಪ್‌ನ ಸೆಟ್ಟಿಂಗ್ಸಿಗೆ ಹೋಗಿ, ಯಾವ ಲೆಕ್ಕ ಯಾರಿಗೆ ಹೋಗ್ತಿದೆ ಅಂತ ಓದಿ, ಕಟ್ಟಿಕೊಂಡವರನ್ನು ಒಂದು ಮಾತು ಕೇಳೋದು. ಹಾಗೇ ನಿಮ್ಮ ಕಳೆದ ತಿಂಗಳ ಸರಾಸರಿ ನೋಡಿ, ಅದಕ್ಕೊಂದು ಸಾವಿರ ಸೇರಿಸಿ ಅದನ್ನೇ ಗುರಿ ಮಾಡಿಕೊಳ್ಳಿ.

ಇದನ್ನು ಓದುವ ಬದಲು ಕಿವಿಗೆ ಹಾಕಿಕೊಂಡು ನಡೀತಿರೋ ಕೇಳುಗರಿಗೆ ಕೊನೆಯದಾಗಿ ಒಂದು ಲೆಕ್ಕ. ಸ್ವಲ್ಪ ಚುರುಕಾಗಿ ನಡೆದರೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ. ಈ ಕಂತು ಇಪ್ಪತ್ತು ನಿಮಿಷದ ಹತ್ತಿರ ಇದೆ. ಅಂದರೆ ಎರಡು ಸಾವಿರ ಹೆಜ್ಜೆ, ಒಂದು ರೋಮನ್ ಮೈಲಿ, ನೈನ್ ಸಿಂಗನ ಮಾಲೆಯಲ್ಲಿ ಇಪ್ಪತ್ತು ಮಣಿ. ಬ್ಯಾಂಡ್ ಮನೇಲಿ ಬಿಟ್ಟು ಬಂದಿದ್ದರೂ ನಡೆದದ್ದು ನಡೆದ ಹಾಗೇ.